ದುರ್ಗಮ್ಮನ ಕೇರಿಯವರು ಗುಡ್ಡ ಉಳಿಸಿಕೊಂಡದ್ದು

ಹೊಸನಗರದ ಕಡೆಯ ಒಂದು ಹಳ್ಳಿ. ೧೯೮೫ರ ಬೇಸಿಗೆ. ದುರ್ಗಮ್ಮನ ಕೇರಿಯವರಿಗೆ ಸ್ವಂತ ಜಮೀನಿಲ್ಲ, ಬಾವಿಯೂ ಇಲ್ಲ. ಸೌದೆ, ಸೊಪ್ಪು, ಕುಡಿಯುವ ನೀರು ಎಲ್ಲಕ್ಕೂ ಊರ ಹಿಂದಿನ ಗುಡ್ಡವೇ ಗತಿ. ಅರಣ್ಯ ಇಲಾಖೆಯವರು ಆ ಗುಡ್ಡದ ಕಾಡು ಕಡಿದು ನೀಲಗಿರಿ ನೆಡುತ್ತಾರೆಂಬ ಸುದ್ದಿ ಬಂತು.

ದುರ್ಗಮ್ಮನ ಗಂಡ ಕನ್ನಪ್ಪನಿಗೆ ಖುಷಿ. "ಗುಂಡಿ ತೆಗೆಯೋ ಕೆಲಸ ಸಿಗ್ತದೆ. ಯಾವ ಮರ ಆದ್ರೆ ನಮಗೆಂತ?"

ಆಗ ಆ ಊರಲ್ಲಿ ಸರೋಜ ಎಂಬ ಸಮಾಜಶಾಸ್ತ್ರದ ಸಂಶೋಧಕಿ ಉಳಿದುಕೊಂಡಿದ್ದರು. ಕಾಡು ಹೋದರೆ ಜನರ ಬದುಕು ಏನಾಗುತ್ತದೆ ಎಂದು ತಿಳಿಯಲು ಸಾಗರ, ತೀರ್ಥಹಳ್ಳಿಗಳನ್ನೂ ಸುತ್ತಿ ಬಂದವರು. ಹೆಂಗಸರ ಜೊತೆ ಗುಡ್ಡ ಹತ್ತಿ, ತಾವೂ ಸೌದೆ ಹೊರೆ ಹೊತ್ತು ಇಳಿಯುತ್ತಿದ್ದರು.

ಕನ್ನಪ್ಪ ನಗುತ್ತಿದ್ದ. "ಅಕ್ಕೋರೆ, ನೀವು ಬರ್ಕೊಂಡು ಹೋಗ್ತೀರಿ. ನಮ್ಮ ಹೊಟ್ಟೆಗೆ ಕೂಲಿ ಬೇಕಲ್ಲ?"

"ಬೇಕೇ ಬೇಕು ಕನ್ನಪ್ಪ. ಪಕ್ಕದೂರಲ್ಲಿ ನೀಲಗಿರಿ ನೆಟ್ಟು ಕೆಲವು ವರ್ಷ ಆಯ್ತು. ಬನ್ನಿ, ಅಲ್ಲಿಯವರನ್ನೇ ಕೇಳೋಣ."

ಗಂಡ ಹೆಂಡತಿ ಇಬ್ಬರೂ ಸರೋಜರ ಜೊತೆ ಹೋದರು. ಅಲ್ಲಿ ಶೇಷಮ್ಮ ಎಂಬಾಕೆ ಪಟೇಲರ ಬಾವಿಯ ಹತ್ತಿರ ಕೊಡ ಹಿಡಿದು ಕಾಯುತ್ತಿದ್ದಳು.

"ಕೂಲಿ ಒಂದೇ ಮಳೆಗಾಲ ಸಿಕ್ತು ಅಣ್ಣ. ಆಮೇಲೆ ಹಳ್ಳ ಬತ್ತೋಯ್ತು. ಬಾವಿ ಇದ್ದೋರಿಗೆ ಎಂತ ತೊಂದ್ರೆ? ನಾವು ಅವರ ಅಂಗಳ ಗುಡಿಸಿ ಕೊಟ್ರೆ ನೀರು."

ವಾಪಸು ಬರುವಾಗ ಕನ್ನಪ್ಪ ಬತ್ತಿದ ಹಳ್ಳಕ್ಕಿಳಿದು ನೋಡಿ ಬಂದ. ಸರೋಜ ಮೆಲ್ಲಗೆ ಹೇಳಿದರು, "ಹೋದಲ್ಲೆಲ್ಲ ಇದನ್ನೇ ಕಂಡೆ. ಕಾಡು ಕಡಿದ ಲಾಭ ಒಬ್ಬರಿಗೆ, ಬಿಸಿಲು ಬಾಯಾರಿಕೆ ಇನ್ನೊಬ್ಬರಿಗೆ. ಇದು ನ್ಯಾಯವಾ?"

ಮರುವಾರ ಕೇರಿಯವರೆಲ್ಲ ಸರೋಜರ ಜೊತೆ ಅರಣ್ಯ ಇಲಾಖೆಯ ಕಚೇರಿಗೆ ಹೋದರು. ಸಾಹೇಬರು ಸರೋಜರಿಗೆ ಮಾತ್ರ ಕುರ್ಚಿ ತೋರಿಸಿ, "ಹೇಳಿ ಮೇಡಂ" ಎಂದರು.

ಸರೋಜ ಕೂರಲಿಲ್ಲ. "ಗುಡ್ಡ ನಂಬಿ ಬದುಕುವವರು ಇವರು. ಇವರನ್ನೇ ಕೇಳಿ."

ಹಿಂದೆ ನಿಂತಿದ್ದ ಕನ್ನಪ್ಪ ಮುಂದೆ ಬಂದ.

"ಸ್ವಾಮಿ, ಗುಂಡಿ ನಾವೇ ತೆಗಿತೀವಿ. ಆದ್ರೆ ಇದ್ದ ಕಾಡು ಕಡೀಬೇಡಿ. ಬೋಳು ಜಾಗದಲ್ಲಿ ಹಲಸು, ನೇರಳೆ ಹಾಕ್ಸಿ. ನನ್ನ ಹೆಂಡ್ತಿ ನೀರಿಗಾಗಿ ಇನ್ನೊಬ್ಬರ ಅಂಗಳ ಗುಡಿಸೋ ಹಂಗಾಗೋದು ಬ್ಯಾಡ."

ದುರ್ಗಮ್ಮ ಗಂಡನನ್ನೇ ನೋಡುತ್ತ ನಿಂತಳು.

ಕೆಲಸ ಒಂದೇ ದಿನಕ್ಕೆ ಆಗಲಿಲ್ಲ. ಬೇಸಿಗೆಯಿಡೀ ಕಚೇರಿಗೆ ಅಲೆದರು. ಕಡಿಯಲು ಬಂದವರ ಎದುರು ಹೆಂಗಸರು ಮರದ ಬುಡದಲ್ಲಿ ಕೂತರು, ಸರೋಜರೂ ಕೂತರು. ಕೊನೆಗೆ ಕಡಿಯುವ ಆದೇಶ ರದ್ದಾಯಿತು, ಬೋಳು ಜಾಗದಲ್ಲಿ ಹಲಸು, ನೇರಳೆ ನೆಡಲೂ ಒಪ್ಪಿದರು. ಮಳೆ ಹಿಡಿದಾಗ ಹಲಸಿನ ಸಸಿಗೆ ಮಣ್ಣು ಎಳೆಯುತ್ತ ಕನ್ನಪ್ಪ ಹೇಳಿದ, "ಓದಿದೋರು ಅಂದ್ರೆ ಹಿಂಗಿರಬೇಕು ನೋಡಿ ಅಕ್ಕೋರೆ. ನಮ್ಮ ಬಾಯಿ ನಮಗೇ ಕೊಟ್ರಿ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರ ಗುಡ್ಡಕ್ಕೂ ನಾಳೆ ಯಾರಾದರೂ ಕೊಡಲಿ ಹಿಡಿದು ಬಂದಾರು. ಒಪ್ಪುವ ಮುಂಚೆ ಕೇಳಿ: ಲಾಭ ಯಾರಿಗೆ? ಕಷ್ಟ ಮೊದಲು ಯಾರ ಮನೆಗೆ? ಆ ಮನೆಯವರು ಊರ ಸಭೆಯಲ್ಲಿ ಎಲ್ಲರಿಗಿಂತ ಮೊದಲು ಮಾತಾಡಲಿ.