ತಲೆಕೆಳಗಾದ ಚಿಲಕ

ರಾಜೇಂದ್ರನಿಗೆ ಕೈಕೆಲಸ ಬರುತ್ತಿರಲಿಲ್ಲ. ಮೊಳೆ ಹೊಡೆದರೆ ಮೊಳೆ ಬಗ್ಗುತ್ತಿತ್ತು, ಇಲ್ಲವೇ ಹೆಬ್ಬೆರಳು ಕಪ್ಪಾಗುತ್ತಿತ್ತು. ನಂಜನಗೂಡಿನ ಬಾಡಿಗೆ ಮನೆಯಲ್ಲಿ ಇದ್ದಷ್ಟು ದಿನ ಇದು ಯಾರಿಗೂ ಗೊತ್ತಾಗಲಿಲ್ಲ. ಅಲ್ಲಿ ನಲ್ಲಿ ಕೆಟ್ಟರೆ ಮಾಲೀಕರಿಗೆ ಹೇಳಿದರೆ ಮುಗಿಯುತ್ತಿತ್ತು. ಅತ್ತೆ ತೀರಿಕೊಂಡ ಮೇಲೆ, ಹೆಂಡತಿ ರಾಣಿ ಒಬ್ಬಳೇ ಮಗಳಾದ್ದರಿಂದ, ನರಸೀಪುರದ ಹತ್ತಿರದ ಅವಳ ಊರಿಗೆ ಬಂದು ಮಾವ ಸಿದ್ದಯ್ಯನ ಮನೆಯಲ್ಲಿ ನಿಂತ. ದಿನಾ ಬೆಳಗ್ಗೆ ಬಸ್ಸು ಹಿಡಿದು ತಾಂಡವಪುರದ ಫ್ಯಾಕ್ಟರಿಯೊಂದರ ಗೋಡೌನ್ ಕೆಲಸಕ್ಕೆ ಹೋಗುತ್ತಿದ್ದ. ಊರಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಎಲ್ಲರಿಗೂ ಅವನು 'ಅಳಿಯಂದ್ರು'.

ಬಂದ ವರ್ಷ ಕರು ಕಟ್ಟುವ ಜಾಗದಲ್ಲಿ ಒಂದು ಮೋಟುಗೋಡೆ ಎಬ್ಬಿಸಿದ್ದ. ಅದು ಮೊದಲ ಮಳೆಗೇ ರಸ್ತೆಯ ಕಡೆಗೆ ವಾಲಿತು. ಹಿತ್ತಿಲ ಎದುರಿನ ಟೀ ಅಂಗಡಿಯ ಗುರುಪ್ರಸಾದ್ ಅದನ್ನು ಬಹಳ ದಿನ ಆಡಿಕೊಂಡ.

"ಅಳಿಯಂದ್ರು ಕಟ್ಟಿದ ಗೋಡೆಗೆ ಮರ್ಯಾದೆ ಗೊತ್ತದೆ ಕಣ್ಲಾ. ಓಗೋರು ಬರೋರಿಗೆಲ್ಲ ಬಗ್ಗಿ ನಮಸ್ಕಾರ ಮಾಡ್ತಾ ನಿಂತದೆ."

ಸಿದ್ದಯ್ಯ ನಗಲಿಲ್ಲ. ಅಳಿಯ ಕೆಲಸಕ್ಕೆ ಹೋಗಿದ್ದ ಒಂದು ದಿನ ಗೋಡೆ ಕೆಡವಿ ಮತ್ತೆ ಕಟ್ಟಿದ. ಅಳಿಯನ ತಪ್ಪನ್ನು ಅಳಿಯನಿಗೆ ತೋರಿಸುವುದು ಆ ಮನೆಯಲ್ಲಿ ನಡೆಯುತ್ತಿರಲಿಲ್ಲ. ಊಟಕ್ಕೆ ಕೂತರೆ ಮೊದಲು ಅವನ ತಟ್ಟೆಗೆ ಬೀಳಬೇಕು, ಜಗಲಿಯಲ್ಲಿ ಇದ್ದ ಒಂದೇ ಕುರ್ಚಿ ಅವನಿಗೆ ಬಿಡಬೇಕು, ಅವನು ಕೆಡಿಸಿದ್ದನ್ನು ಅವನ ಬೆನ್ನ ಹಿಂದೆ ಸರಿಮಾಡಬೇಕು. ಇದೆಲ್ಲ ಮರ್ಯಾದೆ. ರಾಜೇಂದ್ರನಿಗೆ ಆ ಮರ್ಯಾದೆ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಕೋಳಿಯ ಮಾತು ಬಂದದ್ದು ಪಕ್ಕದ ಮನೆಯ ಮಾದಮ್ಮನಿಂದ. ಅವಳ ಮಗಳು ಮಾನಸ ಬಸುರಿ, ಹೆರಿಗೆಗೆ ತವರಿಗೆ ಬಂದಿದ್ದಳು. ಇದ್ದ ಒಂದು ಹಿಂದಿನ ಕೋಣೆಯನ್ನು ಬಾಣಂತಿಗೆಂದು ಸುಣ್ಣ ಹೊಡೆಸಿದ ಮೇಲೆ ಮಾದಮ್ಮನಿಗೆ ಕೋಳಿ ಕೂಡಲು ಜಾಗವಿರಲಿಲ್ಲ. ಐದು ಹೇಂಟೆ ತಂದು ರಾಣಿಯ ಹತ್ತಿರ ಪಾಲಿಗೆ ಬಿಟ್ಟಳು. ಹೇಂಟೆ ಮಾದಮ್ಮನವೇ. ಸಾಕುವುದು ರಾಣಿ. ಮೊಟ್ಟೆ ಮರಿ ಇಬ್ಬರಿಗೂ ಅರ್ಧರ್ಧ.

"ಬಾಣಂತಿಗೆ ನಾಟಿ ಮೊಟ್ಟೆ, ನಾಟಿ ಕೋಳಿ ಸಾರು ಬೇಕು ಕಣವ್ವ. ಅಂಗಡಿ ಕೋಳಿ ಕೊಟ್ರೆ ನಮ್ಮ ಬೀಗ್ರು ನನ್ನ ಜನ್ಮಾನೇ ಜಾಲಾಡ್ತಾರೆ. ಜೋಪಾನ" ಅಂದಿದ್ದಳು.

ರಾಣಿಯವೇ ಎರಡು ಹೇಂಟೆ, ಒಂದು ಹುಂಜ ಇದ್ದವು. ಎಲ್ಲವನ್ನೂ ಮಂಕರಿಯ ಕೆಳಗೆ ಕವುಚಿ ಹಾಕುವುದು ಆಗದ ಮಾತು. ಗೂಡು ಬೇಕಾಯಿತು.

"ಇತ್ಲಲ್ಲಿ ಚಪ್ಪಡಿಕಲ್ಲು ಅವೆ. ಅಟ್ಟದ ಮೇಲೆ ಹಳೇ ಕಿಟಕಿ ಬಾಗ್ಲೂ ಅದೆ. ಒಂದು ಭಾನುವಾರ ಕೂತ್ರೆ ಗೂಡಾಯ್ತದೆ" ಅಂದ ಸಿದ್ದಯ್ಯ.

"ನೀವು ಕಲ್ಲೆತ್ಕೊಟ್ರೆ ಸಾಕು ಕಣ್ರೀ. ಮಿಕ್ಕಿದ್ದು ಅಪ್ಪ ನೋಡ್ಕೋತಾರೆ" ಅಂದಳು ರಾಣಿ.

ಕಲ್ಲು ಎತ್ತಿಕೊಡುವುದು. ಟೀ ಅಂಗಡಿಗೆ ನೇರ ಕಾಣುವ ಹಿತ್ತಿಲಲ್ಲಿ ಇಡೀ ಭಾನುವಾರ ಮುದುಕನ ಕೈಗೆ ಕಲ್ಲು ಎತ್ತಿಕೊಡುತ್ತ ನಿಲ್ಲುವುದು. ರಾಜೇಂದ್ರ ಮೊಬೈಲು ತೆಗೆದು ಮೊದಲೇ ನೋಡಿಟ್ಟುಕೊಂಡಿದ್ದ ಚಿತ್ರ ತೋರಿಸಿದ. ಹಸಿರು ಚಾವಣಿ, ತಂತಿ ಬಲೆ, ಮರದ ಚೌಕಟ್ಟು. ಬಿಡಿ ಬಿಡಿಯಾಗಿ ಪೆಟ್ಟಿಗೆಯಲ್ಲಿ ಬರುತ್ತದೆ, ಸ್ಕ್ರೂ ಹಾಕಿ ಜೋಡಿಸಿದರೆ ಆಯಿತು.

"ಇದಾದ್ರೆ ತೊಳೆಯೋಕೆ ಸುಲಭ ಮಾವ. ಬೇಕಾದ ಕಡೆ ಎತ್ತಿಡಬಹುದು. ಕಲ್ಲಿನ ಗೂಡಲ್ಲಿ ಉಣ್ಣಿ ಸೇರ್ಕೊಳ್ತವೆ."

ಹೇಳಿದ ಕಾರಣಗಳು ಸುಳ್ಳಲ್ಲ. ಅವನು ಅದನ್ನು ಕೊಳ್ಳಲು ಕಾರಣ ಮಾತ್ರ ಅವಲ್ಲ.

"ಆಗ್ಲಿ ಅಳಿಯಂದ್ರೆ. ನಿಮ್ಗೆ ಎಂಗ್ ಸರಿಯೋ ಅಂಗೆ" ಅಂದ ಸಿದ್ದಯ್ಯ.

ಪೆಟ್ಟಿಗೆ ನರಸೀಪುರದ ಕೊರಿಯರ್ ಆಫೀಸಿಗೆ ಬಂತು. ಆಟೋದಲ್ಲಿ ತಂದ. ಭಾನುವಾರ ಮಾವ ಗದ್ದೆಗೆ ಹೋದ ಮೇಲೆ ಹಿತ್ತಿಲ ತಡಿಕೆ ಎಳೆದುಕೊಂಡು ಕೂತ. ಮಧ್ಯಾಹ್ನದ ಹೊತ್ತಿಗೆ ಗೂಡು ನಿಂತಿತು. ವಾಲಲಿಲ್ಲ. ಅಲ್ಲಾಡಿಸಿ ನೋಡಿದ, ಗಟ್ಟಿಯಾಗಿತ್ತು. ಅವನಿಗೆ ನಿಜವಾಗಿಯೂ ಖುಷಿಯಾಯಿತು.

ಆಮೇಲೆ ಬಾಗಿಲು ಹಾಕಿ ನೋಡಿದ. ಬಾಗಿಲಿನ ಕೊಂಡಿ ಮೇಲಿನಿಂದ ತನ್ನ ಭಾರಕ್ಕೆ ತಾನೇ ಬಳೆಯೊಳಗೆ ಬಿದ್ದು ಕೂರಬೇಕಿತ್ತು. ಇಲ್ಲಿ ಅದನ್ನು ಕೆಳಗಿನಿಂದ ಮೇಲಕ್ಕೆ ಎತ್ತಿ ಸಿಕ್ಕಿಸಬೇಕಾಗಿತ್ತು. ಬಾಗಿಲಿದ್ದ ಮುಂದಿನ ಚೌಕಟ್ಟನ್ನೇ ತಲೆಕೆಳಗಾಗಿ ಕೂರಿಸಿದ್ದ. ಹೊಸ ಬಣ್ಣದ ಬಿಗಿಗೆ ಕೊಂಡಿ ಎತ್ತಿದಲ್ಲಿ ನಿಂತಿತು, ಆದರೆ ಬಾಗಿಲನ್ನು ಜೋರಾಗಿ ಗುದ್ದಿದರೆ ಕೆಳಗೆ ಬೀಳುತ್ತಿತ್ತು.

ಬಿಚ್ಚಬೇಕು ಅಂದುಕೊಳ್ಳುವಷ್ಟರಲ್ಲಿ ಗುರುಪ್ರಸಾದ್ ತಡಿಕೆ ಸರಿಸಿಕೊಂಡು ಒಳಗೆ ಬಂದ. ಅವನ ಹಿಂದೆ ಅಂಗಡಿಯಲ್ಲಿ ಕೂತಿದ್ದವರೆಲ್ಲ ಬಂದರು.

"ಏನ್ ಅಳಿಯಂದ್ರೆ, ಕೋಳಿಗೆ ಲಾಡ್ಜ್ ಕಟ್ಸಿದೀರ! ಗೋಡೆ ಕಟ್ಟಿದ ಕೈಯೇನಾ ಇದು?"

ಮಾದಮ್ಮ ಚಾವಣಿ ಮುಟ್ಟಿ ನೋಡಿದಳು. "ನಮ್ಮನೆಗಿಂತ ಚೆನ್ನಾಗದೆ ಕಣಪ್ಪ. ನನ್ನ ಮಗಳ ಬಾಣಂತನಾನೂ ಇದ್ರಲ್ಲೇ ಮಾಡ್ಬೋದು."

ಎಲ್ಲರೂ ನಕ್ಕರು. ಈ ಸಲ ನಗು ಅವನ ಮೇಲಲ್ಲ. ಅಷ್ಟು ಜನರ ಮುಂದೆ ಸ್ಕ್ರೂ ಬಿಚ್ಚುವುದು ಅವನಿಂದ ಆಗಲಿಲ್ಲ. ಮುಂದಿನ ಭಾನುವಾರ ಮಾಡಿದರಾಯಿತು ಅಂದುಕೊಂಡ. ಆ ಭಾನುವಾರ ಒಂದು ಮದುವೆ ಬಂತು. ಅದರ ಮುಂದಿನ ಭಾನುವಾರದ ಹೊತ್ತಿಗೆ ಏನೂ ಆಗಿರಲಿಲ್ಲ. ಏನೂ ಆಗಿಲ್ಲ ಅಂದರೆ ಚಿಲಕ ಸಾಕು ಅಂತ ತಾನೇ ತೀರ್ಮಾನಿಸಿದ. ಹೇಂಟೆಯೊಂದು ಮರಿ ಮಾಡಿತು. ಗುರುಪ್ರಸಾದ್ ತನಗೂ ಒಂದು ಗೂಡು ತರಿಸಿಕೊಡಿ ಅಂತ ಕೇಳಿದ. ರಾಜೇಂದ್ರ ಟೀ ಅಂಗಡಿಯಲ್ಲಿ ಕೂತು ಜೋಡಿಸುವ ಬಗೆಯನ್ನು ವಿವರಿಸಿದ.

ಒಂದು ದಿನ ಸಿದ್ದಯ್ಯ ಅಕ್ಕನ ಮೊಮ್ಮಗನ ಮುಡಿ ಕೊಡಿಸಲು ನಂಜನಗೂಡಿಗೆ ಹೋಗಿ ರಾತ್ರಿ ಅಲ್ಲೇ ಉಳಿದ. ಸಂಜೆ ಕೋಳಿ ಕೂಡಿ ಬಾಗಿಲು ಹಾಕಿದ್ದು ರಾಜೇಂದ್ರ. ಕೊಂಡಿ ಎತ್ತಿ ಸಿಕ್ಕಿಸಿದ. ಮೊದಲಿನಷ್ಟು ಬಿಗಿಯಿಲ್ಲ ಅನ್ನುವುದು ಬೆರಳಿಗೆ ತಿಳಿಯಿತು. ಒಳಗೆ ಹೋಗಿ ಫ್ಯಾನು ಹಾಕಿಕೊಂಡು ಮಲಗಿದ.

ಬೆಳಗ್ಗೆ ರಾಣಿ ಕೂಗಿಕೊಂಡಳು. ಗೂಡಿನ ಬಾಗಿಲು ಹಾರುಹೊಡೆದಿತ್ತು. ಪುಕ್ಕ ಹಿತ್ತಿಲು ದಾಟಿ ಕಬ್ಬಿನ ಗದ್ದೆಯ ಬದುವಿನವರೆಗೂ ಚೆಲ್ಲಿತ್ತು. ಕೆಲವು ಗೂಡಿನೊಳಗೇ ಸತ್ತು ಬಿದ್ದಿದ್ದವು. ನೆಲದ ಮೇಲೆ ನಾಯಿ ಹೆಜ್ಜೆಗಳಿದ್ದವು.

"ಕಲ್ಲು ಮಡಗ್ನಿಲ್ವಾ ನೀವು?"

"ಯಾವ ಕಲ್ಲು?"

ರಾಣಿ ಗೋಡೆಯ ಬುಡದಲ್ಲಿದ್ದ ಗುಂಡುಕಲ್ಲು ತೋರಿಸಿದಳು. "ಅಪ್ಪ ದಿನಾ ಕತ್ಲಾದ್ಮೇಲೆ ಬಾಗ್ಲಿಗೆ ಒತ್ತಿ ಮಡಗ್ತಿದ್ರು. ಬೆಳಗ್ಗೆ ನೀವು ಎದ್ದೇಳಕ್ಕೆ ಮುಂಚೇನೇ ನಾನು ಸರಿಸ್ತಿದ್ದೆ. ಚಿಲ್ಕ ತಲೆಕೆಳಗಾಗದೆ ಅಂತ ಮೊದಲ್ನೇ ದಿನಾನೇ ನೋಡಿದ್ರು. ಅಳಿಯಂದ್ರಿಗೆ ಏಳ್ಬೇಡ, ಬೇಜಾರ್ ಮಾಡ್ಕೋತಾರೆ ಅಂದ್ರು. ಊರಿಗೆ ಓಗೋವಾಗ ನಿಮಗೆ ಏಳಿರ್ತಾರೆ ಅಂತ ನಾನು ಅನ್ಕೊಂಡೆ. ನಿಮಗೆ ಗೊತ್ತೇ ಇರ್ನಿಲ್ವಾ, ಚಿಲ್ಕ ಅಂಗಿರೋದು?"

ಅಷ್ಟರಲ್ಲಿ ಮಾದಮ್ಮ ಬಂದಳು. ಸತ್ತ ಹೇಂಟೆಯೊಂದನ್ನು ಕಾಲು ಹಿಡಿದು ಎತ್ತಿ ನೋಡಿ ಕೆಳಗಿಟ್ಟಳು. ಮಾನಸಳ ದಿನ ತುಂಬಿತ್ತು. ಅವಳು ಬೇಲಿಯ ಆಚೆ ಹೊಟ್ಟೆ ಹಿಡಿದುಕೊಂಡು ನಿಂತು ನೋಡುತ್ತಿದ್ದಳು.

"ಯಾರು ಬಾಗ್ಲಾಕಿದ್ದು?" ಅಂತ ಮಾದಮ್ಮ ಕೇಳಿದಳು.

ಗುರುಪ್ರಸಾದ್ ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ನಿಂತ. ಇನ್ನೂ ನಾಲ್ಕು ಜನ ಸೇರಿದರು. ರಾಜೇಂದ್ರ ಬಾಯಿ ತೆರೆದ. ಅದೇ ಹೊತ್ತಿಗೆ ಮೊದಲ ಬಸ್ಸಿಗೆ ಬಂದಿಳಿದ ಸಿದ್ದಯ್ಯ ಪ್ರಸಾದದ ಚೀಲ ಹಿಡಿದುಕೊಂಡೇ ಹಿತ್ತಿಲಿಗೆ ಬಂದ. ಬಾಗಿಲು ನೋಡಿದ. ಕೊಂಡಿ ನೋಡಿದ. ಅಳಿಯನ ಮುಖ ನೋಡಿದ.

"ನಂದೇ ತಪ್ಪು ಮಾದಮ್ಮ. ದಿನಾ ಒಂದು ಕಲ್ಲು ಒತ್ತಿ ಮಡಗ್ತಿದ್ದೆ. ಓಗೋ ಅವಸರದಲ್ಲಿ ಮನೇಲಿ ಏಳೋದು ಮರ್ತೆ."

"ಮಗೀನ ಮುಡಿ ಕೊಡಕ್ಕೆ ಓಗಿದ್ದೆಯೋ ಸಿದ್ದಣ್ಣ, ನನ್ನ ಕೋಳಿ ಬಲಿ ಕೊಡಕ್ಕೆ ಓಗಿದ್ದೆಯೋ? ವಯಸ್ಸಾಯ್ತು ಅಂದ್ರೆ ಇಷ್ಟೊಂದು ಮರೆವಾ? ನಾಳೆ ನನ್ನ ಮಗಳಿಗೆ ಏನ್ ಕಾಸಿ ಉಯ್ಯಲಿ?"

ಸಿದ್ದಯ್ಯ ತಲೆ ತಗ್ಗಿಸಿ ನಿಂತ. ಅವಳಿಗಿಂತ ದೊಡ್ಡವನು, ಆ ಬೀದಿಯಲ್ಲಿ ನ್ಯಾಯ ಹೇಳುತ್ತಿದ್ದವನು.

"ಗೂಡೇನೋ ಒಳ್ಳೇದೇ ಕಣ್ರೀ" ಅಂದ ಗುರುಪ್ರಸಾದ್. "ಯಜಮಾನ್ರು ಮರ್ತ್ರೆ ಗೂಡೇನ್ ಮಾಡ್ತದೆ?"

ಎಲ್ಲರೂ ರಾಜೇಂದ್ರನ ಕಡೆ ನೋಡಿದರು. ಹೇಳಲು ಆಗಲೂ ಅವಕಾಶವಿತ್ತು. ಅವನು ಹೇಳಿದ್ದು ಇದು:

"ಹೋಗ್ಲಿ ಬಿಡಿ ಮಾವ. ಇನ್ಮೇಲೆ ನಾನೇ ನೋಡ್ಕೋತೀನಿ."

ತಪ್ಪು ಮನ್ನಿಸುವವನ ದನಿಯಲ್ಲಿ ಹೇಳಿದ. ಆ ದನಿ ಅವನ ಕಿವಿಗೂ ಬಿತ್ತು. ರಾಣಿ ಅವನನ್ನು ಒಮ್ಮೆ ನೋಡಿ ಒಳಗೆ ಹೋದಳು. ಸಿದ್ದಯ್ಯ ಮಾತ್ರ "ಆಗ್ಲಿ ಅಳಿಯಂದ್ರೆ" ಅಂದು, ಗುದ್ದಲಿ ತಂದು, ತೆಂಗಿನ ಬುಡದಲ್ಲಿ ಗುಂಡಿ ತೋಡತೊಡಗಿದ.

ರಾಜೇಂದ್ರ ಅವತ್ತು ಕೆಲಸಕ್ಕೆ ಹೋಗಲಿಲ್ಲ. ಜನ ಹೋದ ಮೇಲೆ ಸ್ಕ್ರೂ ಬಿಚ್ಚಿ ಮುಂದಿನ ಚೌಕಟ್ಟು ತಿರುಗಿಸಿ ಕೂರಿಸಿದ. ಒಂದು ಟೀ ಕುಡಿಯುವಷ್ಟು ಹೊತ್ತಿನ ಕೆಲಸ. ಕೊಂಡಿ ತಾನಾಗಿಯೇ ಬಳೆಯೊಳಗೆ ಬಿತ್ತು. ಸಿದ್ದಯ್ಯ ಗುಂಡಿ ತೋಡುತ್ತಿದ್ದವನು ತಲೆ ಎತ್ತಲಿಲ್ಲ. ರಾಜೇಂದ್ರ ಹೋಗಿ ಸತ್ತವನ್ನು ಒಂದೊಂದಾಗಿ ಎತ್ತಿ ಮಾವನ ಕೈಗೆ ಕೊಟ್ಟ.

ಮಾದಮ್ಮನ ಹೇಂಟೆ ಐದು. ರಾಣಿಯ ಹೇಂಟೆ ಎರಡು. ಹುಂಜ ಒಂದು. ಮರಿ ಒಂಬತ್ತು, ಅದರಲ್ಲಿ ನಾಲ್ಕು ಸಿಕ್ಕಲೇ ಇಲ್ಲ. ಒಟ್ಟು ಹೋದದ್ದು ಹದಿನೇಳು.