ಅಡ್ಡ ಕಂಬಿ

ಬೆಂಚನ್ನು ಒರೆಸುವುದಕ್ಕೂ ಒಂದು ಕ್ರಮವಿದೆ. ಮೊದಲು ಒಣಬಟ್ಟೆ, ಆಮೇಲೆ ಒದ್ದೆಬಟ್ಟೆ, ಮತ್ತೆ ಒಣಬಟ್ಟೆ. ತಲೆಯಿಡುವ ಜಾಗ ಕೊನೆಗೆ. ಕೂದಲಿನ ಎಣ್ಣೆ ಅಲ್ಲಿ ಅಂಟಾಗಿ ಕೂತಿರುತ್ತದೆ, ಉಗುರು ಹಾಕಿ ಕೆರೆಯಬೇಕು. ನಾನು ಹಾಗೆ ಕೆರೆಯುತ್ತಿದ್ದಾಗ ಒಂದು ಬೂಟುಗಾಲು ಬಂದು ನನ್ನ ಬಕೆಟ್ಟನ್ನು ಗೋಡೆಯ ಕಡೆಗೆ ತಳ್ಳಿತು. ನೀರು ತುಳುಕಿ ಮೊಣಕಾಲು ನೆನೆಯಿತು.

"ಏ ಆಯಾ, ಎದ್ದೇಳೇ. ಎಮ್ಮೆ ಥರ ದಾರೀಲೇ ಬಿದ್ದಿರ್ತೀಯಲ್ಲ. ಆ ಅಡ್ಡ ಕಂಬಿ ಎರಡೂ ಎಲ್ಲಿ?"

ಜಿಮ್ಮಿನ ಮಾಲೀಕ. ಮಾತಾಡುವಾಗ ಅವನ ಕಣ್ಣು ನನ್ನ ಮೇಲಿರಲಿಲ್ಲ, ಎದುರಿನ ಕನ್ನಡಿಯಲ್ಲಿ ಕಾಣುತ್ತಿದ್ದ ತನ್ನ ತೋಳಿನ ಮೇಲಿತ್ತು. ಮನೆಗೆ ಬೆಂಕಿ ಬಿದ್ದರೂ ಇವನು ಒಂದು ಸಲ ಕನ್ನಡಿ ನೋಡಿಕೊಂಡೇ ಹೊರಗೆ ಓಡುವವನು ಎಂದು ಕೆಲಸದವರೆಲ್ಲ ಅವನಿಗೆ ಕನ್ನಡಿ ಎಂದೇ ಹೆಸರಿಟ್ಟಿದ್ದೆವು.

"ಮೆಟ್ಟಿಲ ಕೆಳಗಿನ ಗೂಡಲ್ಲಿವೆ ಸರ್. ನೀವೇ ತಾನೇ ಅಲ್ಲಿ ಹಾಕು ಅಂದಿದ್ದು."

"ನಾನಂದೆ, ನೀನಂದೆ ಅಂತ ಲೆಕ್ಕ ಕೇಳಿದ್ನಾ? ತಂದು ಜಾಗಕ್ಕೆ ಹಾಕು. ಮಧ್ಯಾಹ್ನ ನೋಡೋಕೆ ಜನ ಬರ್ತಾರೆ. ಧೂಳೂ ಇರ್ಬಾರ್ದು, ಈಗ ತಾನೇ ಒರೆಸಿದ ಹಾಗೂ ಕಾಣ್ಬಾರ್ದು."

ಅದು ಹೇಗೆ ಎಂದು ಕೇಳಬೇಕೆನಿಸಿತು. ಮೆಟ್ಟಿಲ ಕೆಳಗೆ ಬಗ್ಗಿ, ಹಳೆಯ ಚಾಪೆಗಳ ಹಿಂದಿನಿಂದ ಎರಡು ಕಂಬಿಗಳನ್ನೂ ಒಂದೊಂದಾಗಿ ಎಳೆದು ತಂದೆ. ಮಲಗಿಕೊಂಡು ಭಾರ ಎತ್ತುವ ಬೆಂಚಿನ ಎರಡು ಪಕ್ಕಕ್ಕೂ, ಕತ್ತಿನ ಮಟ್ಟಕ್ಕಿಂತ ತುಸು ಮೇಲೆ, ಇವು ಇರಬೇಕು. ಎತ್ತುವವರ ಕೈ ಸೋತು ರಾಡು ಕೆಳಗೆ ಬಂದರೆ ಅದು ಮೈಮೇಲೆ ಬೀಳದೆ ಈ ಕಂಬಿಗಳ ಮೇಲೆ ಕೂರುತ್ತದೆ. ಅಷ್ಟೇ ಇವುಗಳ ಕೆಲಸ.

ಕನ್ನಡಿಗೆ ವಿಡಿಯೋದ ಹುಚ್ಚು ಹಿಡಿದಮೇಲೆ ಇವು ಗೂಡು ಸೇರಿದ್ದು. ಪ್ರತಿಯೊಬ್ಬ ಟ್ರೇನರೂ ತನ್ನ ಗಿರಾಕಿ ಭಾರ ಎತ್ತುವುದನ್ನು ತಾನೇ ಫೋನಿನಲ್ಲಿ ತೆಗೆದು ಅವನಿಗೆ ಕಳಿಸಬೇಕು, ಅವನು ಅದನ್ನು ಊರಿಗೆಲ್ಲ ತೋರಿಸಬೇಕು. ಕಂಬಿಗಳು ಗಿರಾಕಿಯ ಮುಖಕ್ಕೆ ಅಡ್ಡ ಬರುತ್ತವೆ ಎಂದು ತೆಗೆಸಿದ. ಟ್ರೇನರ್ ತಲೆಯ ಹತ್ತಿರ ನಿಂತು ರಾಡಿನ ಕೆಳಗೆ ಎರಡೂ ಕೈ ಒಡ್ಡಿಕೊಂಡಿರಬೇಕಾದ ಹೊತ್ತಿನಲ್ಲಿ ಆ ಎರಡು ಕೈಗಳಲ್ಲಿ ಫೋನು ಇರುವಂತಾಯಿತು. ಬೇಡ ಸರ್ ಎಂದ ಟ್ರೇನರ್ ಒಬ್ಬಳೇ. "ನಿನಗೆ ಕೆಲಸ ಬೇಡ್ವಾ ಹಾಗಾದ್ರೆ?" ಎಂದು ಕೇಳಿದಮೇಲೆ ಅವಳೂ ಫೋನು ಹಿಡಿದಳು.

ಅವಳು ನನ್ನ ಮಗಳು.

ಇದು ಜಿಮ್ಮಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಕನ್ನಡಿಯೊಬ್ಬನನ್ನು ಬಿಟ್ಟು. ಅವಳು ಪರೀಕ್ಷೆ ಕಟ್ಟಿ ಸರ್ಟಿಫಿಕೇಟು ತಂದಾಗ ನಾನು ಅಲ್ಲಿ ನೆಲ ಒರೆಸುತ್ತಿದ್ದೆ. ಅವನ ಕೋಣೆಗೆ ನಾನೇ ಕರೆದುಕೊಂಡು ಹೋದೆ. ಅವನು ಅವಳನ್ನು ಮೇಲಿಂದ ಕೆಳಗೆ ನೋಡಿ, ಚೆನ್ನಾಗಿದಾಳೆ ಎಂದು ಒಪ್ಪಿಕೊಂಡ. ಆಮೇಲೆ ಬಾಗಿಲು ಮುಂದೆ ಮಾಡಿ ಹೇಳಿದ.

"ಮನೇಲಿ ಏನಾದ್ರೂ ಕರ್ಕೊಳ್ಳಿ. ಈ ಬಾಗಿಲ ಒಳಗೆ ಅಮ್ಮ ಗಿಮ್ಮ ಬೇಡ. ನಮ್ಮ ಗಿರಾಕಿಗಳು ನಿನ್ನ ಕೈಲಿ ಮೈ ಮುಟ್ಟಿಸ್ಕೊಳ್ಳೋರು. ಕಕ್ಕಸು ತೊಳೆಯೋಳ ಮಗಳು ಅಂತ ಗೊತ್ತಾದ್ರೆ ಒಬ್ರೂ ನಿನ್ನ ಹತ್ರ ಬರಲ್ಲ. ನಾನು ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ಅಂದಿನಿಂದ ನನ್ನ ಮಗಳು ನನ್ನನ್ನು ಆಯಾ ಎಂದು ಕರೆದಳು. "ಆಯಾ, ಇಲ್ಲಿ ಸ್ವಲ್ಪ ಒರೆಸ್ತೀಯಾ" ಎನ್ನುವಳು. "ಬಂದೆ ಮೇಡಂ" ಎನ್ನುವೆ. ಮನೆಗೆ ಬಂದು ಮೊದಮೊದಲು ನಕ್ಕೆವು. ಆಮೇಲೆ ನಗುವುದನ್ನು ಬಿಟ್ಟೆವು.

ರಾಡು ಬಿದ್ದದ್ದು ನನ್ನ ಮಗಳ ಗಿರಾಕಿ, ಒಬ್ಬ ವಕೀಲರ ಹೆಂಡತಿಯ ಮೇಲೆ. ಒಳ್ಳೆಯ ಹೆಂಗಸು, ನನ್ನನ್ನೂ ಬಹುವಚನದಲ್ಲಿ ಮಾತಾಡಿಸುವವಳು. ಅವತ್ತು ಅವಳು ಭಾರ ಎತ್ತಿ ಮುಗಿಸಿ ಎದ್ದು ಕೂತಿದ್ದಳು. ವಿಡಿಯೋದಲ್ಲಿ ಮುಖ ಸರಿಯಾಗಿ ಬಂದಿಲ್ಲ ಎಂದು ಕನ್ನಡಿ ಇನ್ನೊಂದು ಸಲ ಎತ್ತಿಸಿದ. "ಕೈ ಸೋತಿದೆ ಸರ್" ಎಂದು ನನ್ನ ಮಗಳು ಅಂದದ್ದು ನನ್ನ ಕಿವಿಗೆ ಬಿತ್ತು. ಆಮೇಲೆ ಕೇಳಿದ್ದು ಒಂದು ಸದ್ದು. ಒಣ ಸೌದೆ ಮುರಿದ ಹಾಗೆ. ಕತ್ತಿನ ಕೆಳಗಿನ ಮೂಳೆ. ಫೋನು ಬಿಸಾಕಿ ರಾಡು ಎತ್ತಿದವಳು ನನ್ನ ಮಗಳೇ. ಆಸ್ಪತ್ರೆಯ ಗಾಡಿ ಬರುವ ತನಕ ಆ ಹೆಂಗಸಿನ ತೋಳು ಅಲುಗದಂತೆ ಹಿಡಿದುಕೊಂಡು ಕೂತವಳೂ ಅವಳೇ.

ಆ ವಾರವೇ ಅವಳು ಒಂದು ಕಾಗದ ಬರೆದಳು. ಮೇಡಂ ನಿಮ್ಮ ಭುಜ ಹೇಗಿದೆ, ನಾನು ಬಂದು ನೋಡಬಹುದೇ ಎಂದು. ಲಕೋಟೆಗೆ ಹಾಕಿ ಅಂಟಿಸಿ, ವಿಳಾಸ ಬರೆದು, ಹಾಕುವುದಕ್ಕೆ ಮುಂಚೆ ಕನ್ನಡಿಯನ್ನು ಕೇಳಿದಳು. ಅವಳ ತಪ್ಪು ಅದು, ಕೇಳಿದ್ದು.

"ತಲೆ ಕೆಟ್ಟಿದ್ಯಾ ನಿಂಗೆ? ಹೇಗಿದೀರ ಅಂತ ಕೇಳಿದ್ರೆ ತಪ್ಪು ಒಪ್ಕೊಂಡ ಹಾಗೆ. ನಾಳೆ ಕೋರ್ಟಲ್ಲಿ ಅದನ್ನೇ ಹಿಡ್ಕೊಂಡು ನಿನ್ನ ಉಗಿದು ಉಪ್ಪಿನಕಾಯಿ ಹಾಕ್ತಾರೆ. ಒಂದಕ್ಷರ ಹೋಗ್ಬಾರ್ದು."

ಕಾಗದ ಅವಳ ಚೀಲದಲ್ಲೇ ಉಳಿಯಿತು. ಬೀಗದಕೈ, ನೀರಿನ ಬಾಟಲಿಯ ಜೊತೆ ಉಜ್ಜಿ ಉಜ್ಜಿ ಅದರ ಮೂಲೆಗಳು ಮೆತ್ತಗಾದವು. ಅವಳನ್ನು ಗಿರಾಕಿಗಳಿಂದ ದೂರವಿಟ್ಟು ಟವಲು ಮಡಿಸಲು ಕೂರಿಸಿದರು. ಗುರುತಿನ ಗಿರಾಕಿಗಳು ಅವಳ ಮುಂದೆ ಹಾದುಹೋಗುವಾಗ ಷೂ ದಾರ ಕಟ್ಟಿಕೊಳ್ಳುವವರಂತೆ ತಲೆ ಬಗ್ಗಿಸುತ್ತಿದ್ದರು.

ನಾನು ಕಂಬಿಗಳನ್ನು ಜಾಗಕ್ಕೆ ಹಾಕಿದ ಆ ಮಧ್ಯಾಹ್ನ ವಕೀಲರು ಬಂದರು. ಜೊತೆಗೆ ಜಿಮ್ಮಿನ ವಿಮೆ ಕಂಪನಿಯವನು, ತೆಳ್ಳಗಿನ ಮನುಷ್ಯ, ಎಲ್ಲವನ್ನೂ ಒಂದು ಬೆರಳಿನಿಂದ ಮಾತ್ರ ಮುಟ್ಟುವವನು. ಕಂಬಿಯನ್ನೂ ಹಾಗೇ ಮುಟ್ಟಿದ.

"ಇವು ಇದ್ದಿದ್ರೆ ಪೆಟ್ಟಾಗ್ತಿರ್ಲಿಲ್ಲ."

"ಯಾವಾಗ್ಲೂ ಇಲ್ಲೇ ಇರ್ತವೆ ಸರ್," ಎಂದ ಕನ್ನಡಿ. "ಅವತ್ತು ಆಯಾ ಒರೆಸೋಕೆ ಅಂತ ತೆಗ್ದು, ವಾಪಸ್ ಹಾಕೋದು ಮರ್ತಿದಾಳೆ. ವಯಸ್ಸಾಯ್ತು, ನೆನಪಿರಲ್ಲ."

ನಾನು ಅವರಿಂದ ಮಾರುದೂರದಲ್ಲಿ ಗೋಡೆಯ ಕನ್ನಡಿ ಒರೆಸುತ್ತಿದ್ದೆ. ಮೂವರೂ ಅದರೊಳಗಿಂದಲೇ ನನ್ನನ್ನು ನೋಡಿದರು.

"ಇವಳಾ?" ಎಂದರು ವಕೀಲರು. "ಇವಳಿಂದ ಏನು ವಸೂಲಿ ಮಾಡ್ಲಿ ನಾನು? ಬಕೆಟ್ಟಾ?"

ವಿಮೆಯವನು ನಕ್ಕ. "ನೀವು ವಸೂಲಿ ಮಾಡ್ಬೇಕಾಗಿಲ್ಲ ಸರ್. ಕೆಲಸದವರು ಮರ್ತು ಆದದ್ದು ಅಂದ್ರೆ ಕಂಪನಿ ಪರಿಹಾರ ಕೊಡುತ್ತೆ. ಮಾಲೀಕರೇ ತೆಗೆಸಿದ್ರು ಅಂದ್ರೆ ಕೊಡಲ್ಲ. ಪಕ್ಕದಲ್ಲಿದ್ದ ಟ್ರೇನರ್ ಒಂದು ಹೇಳಿಕೆ ಬರೆದುಕೊಡ್ಲಿ. ನಾಳೆ ಆದ್ರೂ ಸಾಕು."

ವಕೀಲರು ಕಂಬಿಯ ಕಡೆ ನೋಡಿದರು. ಅವರಿಗೆ ಅರ್ಥವಾಗದೆ ಇರಲಿಲ್ಲ. "ಹೇಗೋ ಬೇಗ ಮುಗೀಲಿ," ಎಂದು ಹೊರಟರು.

ಅವರು ಹೋದಮೇಲೆ ಕನ್ನಡಿ ನಮ್ಮಿಬ್ಬರನ್ನೂ ಕೋಣೆಗೆ ಕರೆದ. ಮಗಳಿಗೆ ಕುರ್ಚಿ ತೋರಿಸಿದ. ನಾನು ಬಾಗಿಲ ಹತ್ತಿರ ನಿಂತೆ, ಒದ್ದೆ ಬಟ್ಟೆ ಹಿಡಿದುಕೊಂಡೇ.

"ನೋಡು, ಎಲ್ರಿಗೂ ಒಳ್ಳೇದಾಗುತ್ತೆ. ಆ ಯಮ್ಮನಿಗೆ ಪರಿಹಾರ. ನಿನ್ನ ಸರ್ಟಿಫಿಕೇಟು ಉಳೀತದೆ, ಸೋಮವಾರದಿಂದ ಗಿರಾಕಿ ಕೊಡ್ತೀನಿ. ನಂಗೆ ನೆಮ್ಮದಿ. ಆಯಾ ಕಂಬಿ ತೆಗೆದಿದ್ದನ್ನ ನೋಡಿದೆ ಅಂತ ಬರೆದು ಸೈನ್ ಹಾಕು."

"ಆಯಾಗೆ?" ಎಂದಳು ಮಗಳು.

"ಕೆಲಸದಿಂದ ತೆಗೀಬೇಕಾಗುತ್ತೆ, ಅದು ನಿಯಮ. ಒಂದು ಕಂಪ್ಲೇಂಟ್ ಅಂತ ಹೋಗುತ್ತೆ. ಮುದುಕಿ ಅಲ್ವಾ, ಬೈದು ಬಿಡ್ತಾರೆ. ಬರೀಲಿಲ್ಲ ಅಂದ್ರೆ ಎಲ್ಲಾ ನಿನ್ನ ತಲೆಗೆ, ಫೋನ್ ಹಿಡ್ಕೊಂಡಿದ್ದೋಳು ನೀನು. ಅದಕ್ಕೆ ವಿಡಿಯೋನೇ ಸಾಕ್ಷಿ."

"ಸರ್, ಅವಳು ನನ್ನ…"

"ಏನಾಗ್ಬೇಕು ನಿಂಗೆ? ಈ ಬಾಗಿಲ ಒಳಗೆ ಏನೂ ಆಗ್ಬೇಕಾಗಿಲ್ಲ. ಇಷ್ಟು ದಿನ ನೀನೇ ಆಯಾ ಆಯಾ ಅಂತ ಕೂಗಿದೀಯ. ಇಡೀ ಜಿಮ್ ಕೇಳಿದೆ."

ನಾನು ನಡುವೆ ಬಾಯಿ ಹಾಕಿದೆ.

"ಬರ್ಕೊಡ್ತಾರೆ ಸರ್. ನಾನೇ ತೆಗ್ದಿದ್ದು ಅಂತ ಬರೀಲಿ, ನಂದೇನೂ ಇಲ್ಲ."

"ನೋಡು, ನಿನಗಿಂತ ಆಯಾಗೇ ಬುದ್ಧಿ ಇದೆ," ಎಂದು ಅವನು ನಕ್ಕ.

ಮಗಳು ನನ್ನ ಕಡೆ ತಿರುಗಲಿಲ್ಲ. ಬೇಡ ಎನ್ನಲಿಲ್ಲ. ಆಗಲಿ ಎಂದೂ ಅನ್ನಲಿಲ್ಲ. ಎದ್ದು ಹೋದಳು. ಹೇಳಿದವಳು ನಾನೇ ಆದರೂ, ಅವಳು ಬೇಡ ಎನ್ನದೆ ಹೋದದ್ದು ಎದೆಯಲ್ಲಿ ಮುಳ್ಳು ಮುರಿದ ಹಾಗಾಯಿತು. ಉಳಿದ ಕಕ್ಕಸುಗಳನ್ನು ತೊಳೆದು ಮುಗಿಸಿ ನಾನೂ ಹೊರಟೆ.

ಮನೆಯಲ್ಲಿ ಅವಳು ಷೂ ಬಿಚ್ಚದೆ ಗೋಡೆಗೊರಗಿ ಕೂತಿದ್ದಳು. ನಾನು ಒಲೆ ಹಚ್ಚಿದೆ.

"ಸೈನ್ ಹಾಕ್ಬಿಡು ಮಗಾ. ನಂಗೇನು, ಇವತ್ತಲ್ಲ ನಾಳೆ ಬಿಡೋ ಕೆಲಸ. ಸೊಂಟಾನೂ ಬಗ್ತಿಲ್ಲ. ನೀನು ಓದಿದ್ದು ಹಾಳಾಗ್ಬಾರ್ದು."

"ನಿನ್ನ ಹೆಸರಲ್ಲಿ ಪೊಲೀಸ್ ಕಂಪ್ಲೇಂಟ್ ಹೋಗುತ್ತಮ್ಮ."

"ಹೋಗ್ಲಿ ಬಿಡು. ನನ್ನ ಹೆಸರು ಇಷ್ಟು ದಿನ ಎಲ್ಲೂ ಹೋಗೇ ಇಲ್ಲ, ಒಂದ್ಸಲ ಊರು ನೋಡ್ಕೊಂಡು ಬರ್ಲಿ."

ಅವಳು ನಗಲಿಲ್ಲ. ನನ್ನ ಹತ್ತಿರ ಬಂದು ಕುಕ್ಕರುಗಾಲಿನಲ್ಲಿ ಕೂತಳು.

"ನೀನು ಬರೀಲಿ ಅಂದೆಯಲ್ಲ, ಆಗ ನಂಗೆ ಹಾಯಿ ಅನ್ನಿಸ್ತು ಕಣಮ್ಮ. ಸದ್ಯ, ತಪ್ಪಿಸ್ಕೊಂಡೆ ಅನ್ನಿಸ್ತು. ಆ ಬೋಳಿಮಗ ನನ್ನ ಬಾಯಲ್ಲಿ ನಿನ್ನ ಆಯಾ ಅನ್ನಿಸಿದ್ದು ಸುಮ್ನೆ ಅಲ್ಲ. ಕರೆದು ಕರೆದು ಒಳಗೂ ಹಂಗೇ ಆಗ್ಬಿಟ್ಟಿದೀನಿ."

"ಹೊಟ್ಟೆಪಾಡು ಕಣೇ. ಅದಕ್ಯಾಕೆ ಹಿಂಗೆ ಸಾಯ್ತೀಯ."

"ನಂದು ಹೊಟ್ಟೆಪಾಡಾದ್ರೆ ನಿಂದೇನು? ನಿನ್ನ ಹೊಟ್ಟೇಲಿ ಕಲ್ಲಿದ್ಯಾ?"

ತಟ್ಟೆಯ ಮುಂದೆ ಕೂತವಳು ಎರಡು ತುತ್ತಿಗೇ ಕೈ ತೊಳೆದಳು. ಚೀಲದಿಂದ ಆ ಕಾಗದ ತೆಗೆದು, ಅಂಟು ಬಿಡಿಸಿ, ಇನ್ನೊಂದು ಹಾಳೆ ಸೇರಿಸಿ ಬರೆಯತೊಡಗಿದಳು. ವಿಮೆಯವನಿಗೋ ಎಂದು ಕೇಳಿದೆ.

"ಅಲ್ಲ. ಮೂಳೆ ಮುರಿದಿದ್ದು ಅವನದಲ್ಲ. ಆ ಮೇಡಂಗೇ."

"ಅವರ ಗಂಡ ಮುಗೀಲಿ ಅಂತ ಹೋಗಿದಾರೆ. ನಿನ್ನ ಮಾತು ಯಾರು ಕೇಳ್ತಾರೆ?"

"ಇನ್ನೊಂದ್ಸಲ ಎತ್ತಿ ಅಂದೋನು ಯಾರು ಅಂತ ಅವರಿಗೆ ಗೊತ್ತು. ಅವರ ಕಿವೀನೂ ಅಲ್ಲೇ ಇತ್ತು."

ಬರೆದು ಮುಗಿಸಿ ಓದಿದಳು. ಭುಜ ಹೇಗಿದೆ ಎಂದು ಕೇಳಿದ್ದು ಹಾಗೆಯೇ ಇತ್ತು. ಮೂಳೆ ಮುರಿದ ಕಡೆಯ ಕೈಯನ್ನು ಡಾಕ್ಟರು ಹೇಳುವ ತನಕ ತಲೆಯ ಮೇಲಕ್ಕೆ ಎತ್ತಬೇಡಿ ಎಂದಿತ್ತು. ಕಂಬಿಗಳನ್ನು ಮಾಲೀಕರು ತೆಗೆಸಿದರು, ಒಯ್ದು ಇಟ್ಟ ಆಯಾ ನನ್ನ ತಾಯಿ, ನಾನು ಅದನ್ನು ಮುಚ್ಚಿಟ್ಟಿದ್ದೆ. ನಿಮ್ಮ ರಾಡಿನ ಕೆಳಗೆ ಇರಬೇಕಾಗಿದ್ದ ಕೈ ನನ್ನದು, ಫೋನು ಹಿಡಿಯಲಾರೆ ಎಂದು ಬಿಟ್ಟು ಹೋಗಬೇಕಾಗಿತ್ತು, ಹೋಗಲಿಲ್ಲ. ಈ ಕಾಗದವನ್ನು ಯಾರಿಗೆ ಬೇಕಾದರೂ ತೋರಿಸಿ.

"ನಿನ್ನ ತಪ್ಪೂ ಯಾಕೆ ಬರೆದೆ?" ಎಂದೆ. "ಅದೊಂದೇ ಸಾಕು ಅವರಿಗೆ, ನಿನ್ನ ಸರ್ಟಿಫಿಕೇಟು ಹರಿಯೋಕೆ."

"ಅದನ್ನ ಬಿಟ್ಟು ಬರೆದ್ರೆ ನಂದೂ ಕನ್ನಡೀದೇ ಹೇಳಿಕೆ ಆಗುತ್ತೆ."

ನನಗೆ ಸಿಟ್ಟು ಬಂತು. ಇವಳನ್ನು ಓದಿಸಲು ಎಷ್ಟು ಮಂದಿಯ ಹೊಲಸು ತೊಳೆದಿದ್ದೆ. ಕಾಗದ ಕಿತ್ತುಕೊಂಡು ಒಲೆಗೆ ಹಾಕಿಬಿಡಲೇ ಎಂದುಕೊಂಡೆ. ಕೈ ಮುಂದೆ ಹೋಗಲಿಲ್ಲ. ಅವಳು ಅಷ್ಟರಲ್ಲಿ ಹಾಗೇ ನೆಲದ ಮೇಲೆ ನಿದ್ದೆ ಹೋಗಿದ್ದಳು, ಷೂ ಹಾಕಿಕೊಂಡೇ. ನಾನು ದಾರ ಬಿಚ್ಚಿ ಷೂ ತೆಗೆದೆ.

ಬೆಳಗ್ಗೆ ಅಂಚೆ ಕಚೇರಿಯ ಬಾಗಿಲು ತೆರೆಯುವುದನ್ನೇ ಕಾಯುತ್ತ ಇಬ್ಬರೂ ಕಟ್ಟೆಯ ಮೇಲೆ ಕೂತೆವು. ಬರುತ್ತೀಯಾ ಎಂದು ಅವಳು ಕೇಳಿರಲಿಲ್ಲ, ಬರುತ್ತೇನೆಂದು ನಾನೂ ಹೇಳಿರಲಿಲ್ಲ. ಅವಳ ಫೋನು ಎರಡು ಸಲ ಬಡಿದುಕೊಂಡಿತು. ಯಾರೆಂದು ನೋಡಿ ಮಗುಚಿಟ್ಟಳು.

"ಸಾದಾನಾ, ರಿಜಿಸ್ಟರಾ?" ಎಂದ ಕಿಟಕಿಯ ಒಳಗಿನವನು.

"ತಲುಪಿದ್ದು ಗೊತ್ತಾಗ್ಬೇಕು."

ಅವನು ಲಕೋಟೆಯನ್ನು ತಿರುಗಿಸಿ ನೋಡಿದ. "ಏನಮ್ಮ ಇದು, ಹೀಗೆ ಸವೆದಿದೆ? ಬೇರೆ ಕವರ್ ಹಾಕ್ಬಾರ್ದಾ?"

"ಅದರಲ್ಲೇ ಹೋಗ್ಲಿ," ಎಂದಳು.

ಅವನು ಮುದ್ರೆ ಒತ್ತಿದ. ಅದು ಒಂದು ರಾಶಿಗೆ ಬಿತ್ತು, ಅದರ ಮೇಲೆ ಬೇರೆಯವರ ಕಾಗದಗಳು ಬಿದ್ದವು. ನಾವು ಹೊರಗೆ ಬಂದು ಮತ್ತೆ ಅದೇ ಕಟ್ಟೆಯ ಮೇಲೆ ಕೂತೆವು. ಹೋಗಬೇಕಾದ ಜಾಗವೇನೂ ಇರಲಿಲ್ಲ. ಜಿಮ್ಮಿನ ನೆಲ ಈ ಹೊತ್ತಿಗೆ ಅರ್ಧ ಒರೆಸಿ ಆಗಿರುತ್ತಿತ್ತು.

ಅಂಚೆಯ ಗಾಡಿ ಬಂದಮೇಲೆ ಒಳಗಿನಿಂದ ಒಬ್ಬ ಕಾಗದಗಳ ಗೋಣಿಚೀಲವನ್ನು ದರದರ ಎಳೆದು ತಂದ. ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ ಅದನ್ನು ಎತ್ತಲು ನೋಡಿದ.

"ಅಣ್ಣಾ, ಬೆನ್ನಲ್ಲ, ಮಂಡಿ ಬಗ್ಗಿಸಿ," ಎಂದಳು ನನ್ನ ಮಗಳು. "ಹಿಂಗೆತ್ತಿದ್ರೆ ಸೊಂಟ ಹೋಗುತ್ತೆ."

"ನಿನ್ನ ಕೆಲಸ ನೀನು ನೋಡ್ಕೊಳಮ್ಮ," ಎಂದ ಅವನು.

"ಈಗ ಯಾವ ಕೆಲಸಾನೂ ಇಲ್ಲ ಅಣ್ಣ."

ಅವನು ಬೆನ್ನು ಬಗ್ಗಿಸಿಯೇ ಎತ್ತಿದ. ಚೀಲ ಗಾಡಿಯೊಳಗೆ ಬಿತ್ತು. ಸೊಂಟದ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತು, ಆಮೇಲೆ ಬಾಗಿಲು ಹಾಕಿದ. ಗಾಡಿ ಹೊರಟಿತು.