ಇಲಿ ಕಡಿದ ಹಾಡಿನ ಪುಸ್ತಕ

ನಾವು ಪ್ರಾರ್ಥನೆಗೆ ಸೇರುವ ಸಭೆಯ ಮನೆಯಲ್ಲಿ ಹಾಡಿನ ಪುಸ್ತಕಗಳು ನೂರಕ್ಕೂ ಮೇಲಿವೆ. ಎಲ್ಲಕ್ಕೂ ಒಂದೇ ಕಪ್ಪು ರಟ್ಟು. ಒಂದರ ಬೆನ್ನನ್ನು ಮಾತ್ರ ಕೆಳತುದಿಯಲ್ಲಿ ಇಲಿ ಕಡಿದಿದೆ, ಹೆಬ್ಬೆರಳ ಉಗುರಿನಷ್ಟು. ಭಾನುವಾರ ಹೆಂಗಸರ ಬೆಂಚಿನಲ್ಲಿ ಕೂತು ಮುಂದಿನ ಹಲಗೆಯಿಂದ ಪುಸ್ತಕ ಎತ್ತಿಕೊಳ್ಳುವಾಗ ನಾನು ಮೊದಲು ಅದರ ಬೆನ್ನು ಸವರಿ ನೋಡುತ್ತೇನೆ. ಹನ್ನೊಂದು ವರ್ಷಗಳಲ್ಲಿ ಆ ಪುಸ್ತಕ ಒಂಬತ್ತು ಸಲ ನನ್ನ ಕೈಗೆ ಬಂದಿದೆ. ಆರು ಸಲ ಬಂದದ್ದು ಯಾರನ್ನಾದರೂ ಮಣ್ಣು ಮಾಡುವ ದಿನ. ಬಂದ ದಿನ ನಾನು ಹಾಡುವುದಿಲ್ಲ, ಬರೀ ಬಾಯಿ ಆಡಿಸುತ್ತೇನೆ.

ನಮ್ಮಲ್ಲಿ ಬೋಧಕರು ಓದಿ ಬರುವವರಲ್ಲ. ಜಾಗ ಖಾಲಿಯಾದಾಗ ಸಭೆಯವರು ಒಬ್ಬೊಬ್ಬರಾಗಿ ಹೋಗಿ ಬಿಷಪ್ಪರ ಕಿವಿಯಲ್ಲಿ ಒಂದು ಹೆಸರು ಹೇಳುತ್ತಾರೆ. ಹೆಸರು ಬಂದ ಗಂಡಸರು ಮುಂದಿನ ಬೆಂಚಿನಲ್ಲಿ ವಯಸ್ಸಿನ ಪ್ರಕಾರ ಸಾಲಾಗಿ ಕೂರುತ್ತಾರೆ. ಎದುರಿಗೆ ಮೇಜಿನ ಮೇಲೆ ತಲೆಗೊಂದರಂತೆ ಹಾಡಿನ ಪುಸ್ತಕಗಳು, ದಾರ ಕಟ್ಟಿದ್ದವು. ಒಂದರೊಳಗೆ ಚೀಟಿ. ಚೀಟಿ ಇರುವ ಪುಸ್ತಕ ಎತ್ತಿಕೊಂಡವನನ್ನು ದೇವರು ಕರೆದ, ಅಷ್ಟೇ. ಹೊಲ, ಹಸು, ಮಕ್ಕಳು ಇದ್ದ ಹಾಗೇ ಇರುತ್ತವೆ. ಅದರ ಮೇಲೆ ಸಾಯುವವರೆಗೂ ಊರಿನ ಸಾವು, ಮದುವೆ, ಜಗಳಗಳೆಲ್ಲ ಅವನ ತಲೆಗೆ. ಬೇಡವೆಂದು ಓಡುವ ಹಾಗಿಲ್ಲ. ಬೇಕೆಂದು ಆಸೆಪಡುವುದು ಅದಕ್ಕಿಂತ ದೊಡ್ಡ ತಪ್ಪು, ಅದು ನಮ್ಮ ಮಕ್ಕಳಿಗೂ ಗೊತ್ತು.

ಹನ್ನೊಂದು ವರ್ಷದ ಹಿಂದೆ ಅಕ್ಟೋಬರಿನಲ್ಲಿ ಐದು ಗಂಡಸರು ಹಾಗೆ ಕೂತಿದ್ದರು. ನನ್ನ ಗಂಡ ಟೋಬಿಯಸ್ ಎರಡನೆಯವನು. ಪಕ್ಕದ ಹೊಲದ ಮೆನ್ನೊ ವೀಬರ್ ಅವನಿಗಿಂತ ಎರಡು ತಿಂಗಳು ಚಿಕ್ಕವನು, ಮೂರನೆಯವನು. ಆಗ ನನಗೆ ನಾಲ್ಕು ಮಕ್ಕಳು, ಹೊಟ್ಟೆಯಲ್ಲೊಂದು. ಬೆಳಿಗ್ಗೆ ಹಾಲು ಕರೆಯುವಾಗ ಹಸುವಿನ ಹೊಟ್ಟೆಗೆ ಹಣೆ ಒತ್ತಿಕೊಂಡು ಒಂದೇ ಮಾತು ಬೇಡಿಕೊಂಡಿದ್ದೆ: ನಮ್ಮ ಮನೆಗೆ ಬೇಡಪ್ಪಾ, ಬೇರೆ ಯಾರ ಮನೆಗಾದರೂ ಹೋಗಲಿ.

ಟೋಬಿಯಸನ ಕೈ ಮೊದಲು ಹೋದದ್ದು ಇಲಿ ಕಡಿದ ಪುಸ್ತಕಕ್ಕೆ. ಬೆರಳು ರಟ್ಟಿಗೆ ತಾಗಿ ನಿಂತಿತು. ಆಮೇಲೆ ಕೈ ಪಕ್ಕಕ್ಕೆ ಸರಿದು ಬೇರೊಂದು ಎತ್ತಿಕೊಂಡಿತು. ಒಂದು ಉಸಿರಿನ ಹೊತ್ತು ಇರಬೇಕು. ಅವನ ಹಿಂದೆ ಮೆನ್ನೊ ಕೈ ಚಾಚಿ ಇಲಿ ಕಡಿದದ್ದನ್ನು ತೆಗೆದುಕೊಂಡ. ಚೀಟಿ ಅದರಲ್ಲಿತ್ತು. ಮೆನ್ನೊವಿನ ಹೆಂಡತಿ ಸಲೋಮಿ ಎರಡು ಬೆಂಚು ಮುಂದೆ ಕೂತಿದ್ದಳು. ಅವಳ ಟೋಪಿಯ ದಾರ ನಡುಗುತ್ತಿದ್ದದ್ದು ನನಗೆ ಕಾಣುತ್ತಿತ್ತು. ಯಾರೂ ಅವಳ ಹತ್ತಿರ ಹೋಗಲಿಲ್ಲ. ಆ ಹೊತ್ತಿನಲ್ಲಿ ಏಳುವುದು ನಮ್ಮಲ್ಲಿ ವಾಡಿಕೆ ಇಲ್ಲ. ನಾನಂತೂ ಕಣ್ಣು ಮುಚ್ಚಿ ದೇವರಿಗೆ ಸ್ತೋತ್ರ ಹೇಳುತ್ತಿದ್ದೆ.

ಮುಂದಿನ ಜೂನಿನಲ್ಲಿ ಮೆನ್ನೊ ಯಾರದ್ದೋ ಮಣ್ಣಿಗೆ ಬೋಧನೆ ಮಾಡಲು ಕುದುರೆ ಗಾಡಿ ಹೂಡಿಕೊಂಡು ಎರಡು ಗಂಟೆಯ ದಾರಿ ಹೋಗಿದ್ದ. ಅವನು ಮಾಡಬೇಕಾಗಿದ್ದ ಕೆಲಸ ಸಲೋಮಿ ಮಾಡಿದಳು. ಅಟ್ಟ ಹತ್ತಿ, ಅದರ ನೆಲದ ಕಂಡಿ ತೆರೆದು, ಸಂಜೆ ಹಸುಗಳು ಬರುವುದರೊಳಗೆ ಕೊಟ್ಟಿಗೆಗೆ ಒಣಹುಲ್ಲು ತಳ್ಳಿದಳು. ನಾಲ್ಕು ವರ್ಷದ ಮಗಳು ಎರ್ಮಾ ಅವಳ ಹಿಂದೆಯೇ ಏಣಿ ಹತ್ತಿ ಬಂದಿದ್ದು ಗೊತ್ತಾಗಲಿಲ್ಲ. ಕಂಡಿಯಿಂದ ಕೆಳಗೆ ಬಿದ್ದಳು.

ನಮ್ಮ ಲಿಡಿಯಾಳಿಗೂ ಆಗ ನಾಲ್ಕು ವರ್ಷ.

ಅಂದಿನಿಂದ ನಮ್ಮ ಅಟ್ಟದ ಕಂಡಿಗೆ ಟೋಬಿಯಸ್ ಹಲಗೆ ಹೊಡೆದು ಮುಚ್ಚಿದ. ಹುಲ್ಲನ್ನು ಸುತ್ತಿ ಬಳಸಿ ಹೊರಗಿನಿಂದ ತರುತ್ತೇವೆ. ಯಾರೂ ಯಾಕೆಂದು ಕೇಳಲಿಲ್ಲ. ಊಟಕ್ಕೆ ಕೂತಾಗ ನಾನು ಮಕ್ಕಳ ತಲೆ ಎಣಿಸುತ್ತೇನೆ. ಈಗ ಏಳು. ಏಳೂ ಇದ್ದರೂ ಇನ್ನೊಮ್ಮೆ ಎಣಿಸುತ್ತೇನೆ, ಯಾವುದೋ ಒಂದು ಬೇರೆಯವರದ್ದು ನನ್ನ ಮೇಜಿನಲ್ಲಿ ಕೂತಿದೆ ಎನ್ನುವ ಹಾಗೆ. ಆ ಕೈ ಸರಿಯದೆ ಇದ್ದಿದ್ದರೆ ಆ ದಿನ ದೂರ ಹೋಗಬೇಕಾಗಿದ್ದವನು ಟೋಬಿಯಸ್, ಅಟ್ಟ ಹತ್ತಬೇಕಾಗಿದ್ದವಳು ನಾನು.

ಈ ಮಾರ್ಚಿನಲ್ಲಿ ಮೆನ್ನೊವಿನ ಗಂಟಲಿನ ಶಸ್ತ್ರಚಿಕಿತ್ಸೆ ಆಗಿ ಅವನ ದನಿ ಹೋಯಿತು. ಇನ್ನೊಬ್ಬ ಬೋಧಕ ಬೇಕೆಂದು ಸಭೆ ನಿರ್ಧರಿಸಿತು. ನಾವು ಮೇಪಲ್ ಮರದ ರಸ ಇಳಿಸಿ ಪಾಕ ಕಾಯಿಸುತ್ತಿದ್ದ ಗುರುವಾರ ಬಿಷಪ್ ಪೀಟರ್ ಬಂದು, ಗಾಡಿಯಿಂದ ಇಳಿಯದೆಯೇ ಟೋಬಿಯಸನ ಹತ್ತಿರ ನಾಲ್ಕು ಮಾತಾಡಿ ಹೋದರು. ಅವನು ಪಾಕದ ಗುಡಿಸಲಿಗೆ ವಾಪಸು ಬಂದು ಸೌಟು ಹಿಡಿದು ಬಾಣಲೆಯ ನೊರೆ ತೆಗೆಯತೊಡಗಿದ.

"ಮತ್ತೆ ನನ್ನ ಹೆಸ್ರು ಬಂದಿದೆಯಂತೆ. ನಾಲ್ಕು ಜನ. ಭಾನುವಾರ."

"ಮುಖ ನೋಡಿದ್ರೇ ಗೊತ್ತಾಗುತ್ತೆ," ಎಂದೆ.

"ಮೆನ್ನೊಗೆ ಒಂದು ಮಾತು ಹೇಳ್ದೆ ನಾನು ಆ ಬೆಂಚಲ್ಲಿ ಕೂರೋಕಾಗಲ್ಲ ಅಲ್ಮೀಡಾ."

"ಪುಸ್ತಕದ ವಿಷಯಾನಾ?"

ಸೌಟು ನಿಂತಿತು. "ನಿಂಗೆ ಗೊತ್ತಿತ್ತಾ?"

"ಕೈ ನಿಂತಿದ್ದು ನೋಡ್ದೆ. ಯಾಕೆ ಅಂತ ಗೊತ್ತಿಲ್ಲ."

"ಚೀಟಿ ಅಂಚು ಕಾಣ್ತಿತ್ತು. ದಾರದ ಪಕ್ಕ, ಒಂದು ಗೆರೆಯಷ್ಟು ಬಿಳಿ." ಅವನು ನನ್ನ ಕಡೆ ನೋಡಲಿಲ್ಲ. "ನೋಡಿ ಬಿಟ್ಟುಬಿಟ್ಟೆ."

"ಹನ್ನೊಂದು ವರ್ಷ ಪಕ್ಕದಲ್ಲಿ ಮಲಗಿ ಈಗ ಹೇಳ್ತಿದೀಯ."

"ನೀನೂ ಕೇಳ್ಲಿಲ್ಲ."

"ಕೇಳಿದ್ರೆ ನೀನು ಹೇಳ್ಬಿಡ್ತಿದ್ದೆ. ಅದಕ್ಕೇ ಕೇಳ್ಲಿಲ್ಲ. ನೊರೆ ಉಕ್ತಿದೆ ನೋಡು."

ಅವನು ನೊರೆ ತೆಗೆದ. ಹೇಳಬೇಡ ಎಂದು ಬಾಯಿಯವರೆಗೆ ಬಂದಿತ್ತು. ಹೇಳಿದರೆ, ನಿನ್ನ ಮಗಳಿಗೆ ಬಂದದ್ದು ನಮ್ಮ ಮನೆಗೆ ಬರಬೇಕಿದ್ದ ಸಾವು ಎಂದು ಸಲೋಮಿಯ ಅಡುಗೆಮನೆಯಲ್ಲಿ ನಿಂತು ಹೇಳಿದ ಹಾಗೆ. ಮೆನ್ನೊ ಹನ್ನೊಂದು ವರ್ಷ ಹೊತ್ತ ಭಾರ ದೇವರು ಕೊಟ್ಟದ್ದೇ ಅಲ್ಲ ಎಂದ ಹಾಗೆ. ಆಮೇಲೆ ಆ ಇಬ್ಬರ ಕೈಯಲ್ಲಿ ಏನು ಉಳಿಯುತ್ತದೆ? ಆದರೆ ಹೇಳದೆ ಭಾನುವಾರ ಅವನು ಮತ್ತೆ ಪುಸ್ತಕಕ್ಕೆ ಕೈ ಚಾಚಿದರೆ, ಆ ಕೈಯನ್ನು ನಾನು ಹೇಗೆ ನೋಡಲಿ?

ಮಾರನೆಯ ದಿನ ಹೊತ್ತೇರಿದ ಮೇಲೆ ಮೆನ್ನೊವಿನ ಮನೆಗೆ ಹೋದೆವು. ಸಲೋಮಿ ಹಿಟ್ಟು ತೆಳ್ಳಗೆ ಲಟ್ಟಿಸಿ ನೂಡಲ್ಸ್ ಕೊಯ್ಯುತ್ತಿದ್ದಳು.

"ಪಾಕ ಕಾಯ್ಸೋ ದಿನ ಗಂಡ ಹೆಂಡ್ತಿ ಇಬ್ರೂ ಬಂದಿದೀರಿ ಅಂದ್ರೆ, ಯಾರೋ ಸತ್ತಿರ್ಬೇಕು, ಇಲ್ಲ ಪಾಕ ಸೀದಿರ್ಬೇಕು," ಎಂದಳು.

ಮೆನ್ನೊ ಒಲೆಯ ಪಕ್ಕ ಕತ್ತಿಗೆ ಉಣ್ಣೆ ಬಟ್ಟೆ ಸುತ್ತಿಕೊಂಡು ಕೂತಿದ್ದ. ದನಿ ಒಣ ಎಲೆ ಸರಿದ ಹಾಗೆ. "ನನ್ನ ಗಂಟಲು ಹೋಯ್ತು ಅಂತ ಸಭೇಲಿ ಅತ್ರಂತೆ. ದುಃಖಕ್ಕೋ ಸಂತೋಷಕ್ಕೋ ಅಂತ ಯಾರೂ ಹೇಳ್ಲಿಲ್ಲ."

ಟೋಬಿಯಸ್ ಕೂರಲಿಲ್ಲ. ಟೋಪಿಯನ್ನು ಎರಡು ಕೈಯಲ್ಲೂ ಹಿಡಿದು ನಿಂತೇ ಹೇಳಿದ. ಚೀಟಿಯ ಅಂಚು ಕಂಡದ್ದು, ಕೈ ಸರಿಸಿದ್ದು, ಎರ್ಮಾಳ ಶವಪೆಟ್ಟಿಗೆಯ ಒಂದು ಮೂಲೆ ಹೊತ್ತು ನಡೆದಾಗಲೂ ಹೇಳಲಾಗದೆ ಇದ್ದದ್ದು. "ಅದು ನನ್ನದಾಗಿತ್ತು ಮೆನ್ನೊ. ನಿನ್ನ ಮೇಲೆ ತಳ್ಳಿಬಿಟ್ಟೆ."

ಸಲೋಮಿಯ ಚಾಕು ಒಂದೇ ಸಮನೆ ನಡೆಯುತ್ತಿತ್ತು. ಮೆನ್ನೊ ಒಲೆಗೆ ಒಂದು ಕಟ್ಟಿಗೆ ಇಟ್ಟ.

"ನಂಗೂ ಕಾಣಿಸ್ತು," ಎಂದ.

"ಏನು?"

"ಅಂಚು. ನೀನು ಕೈ ಸರಿಸಿದ್ದೂ ನೋಡ್ದೆ. ಇನ್ನೂ ಮೂರು ಪುಸ್ತಕ ಇತ್ತು, ಬೇರೇದು ತಗೋಬಹುದಿತ್ತು." ಉಸಿರು ತೆಗೆದುಕೊಂಡ. "ನಂಗೆ ಬೇಕಿತ್ತು ಟೋಬಿಯಸ್. ಸಣ್ಣವನಿದ್ದಾಗಿಂದ್ಲೂ ಬೇಕಿತ್ತು. ದನದ ಮುಂದೆ ನಿಂತು ಬೋಧನೆ ಮಾಡ್ತಿದ್ದೆ. ನಿಂದನ್ನ ಕದ್ದೆ ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ. ಎರ್ಮಾ ಹೋದಾಗ, ಲೆಕ್ಕ ಚುಕ್ತಾ ಆಯ್ತು ಅಂದ್ಕೊಂಡೆ."

ಚಾಕು ನಿಂತಿತು.

ಗಂಡ ಇದನ್ನು ಅವಳಿಗೂ ಹೇಳಿರಲಿಲ್ಲ ಎಂದು ಆಗ ನನಗೆ ತಿಳಿಯಿತು. ಸಲೋಮಿ ಕೈಗೆ ಅಂಟಿದ ಹಿಟ್ಟನ್ನು ಒಂದೊಂದೇ ಬೆರಳಿನಿಂದ ಕೆರೆದು ಹಲಗೆಯ ಮೇಲಿಟ್ಟಳು.

"ಇಬ್ರೂ ಎಷ್ಟು ದೊಡ್ಡ ಮನುಷ್ಯರಪ್ಪ ನೀವು," ಎಂದಳು. ದನಿ ಏರಲಿಲ್ಲ. "ಒಬ್ಬ ಹೀಗೆ ಕೈ ಸರಿಸಿದ, ದೇವರ ಯೋಚ್ನೆ ಬಿದ್ದುಹೋಯ್ತು. ಇನ್ನೊಬ್ಬ ಹಾಗೆ ಕೈ ಚಾಚಿದ, ದೇವರು ನನ್ನ ಮಗೂನ ಬೆಲೆ ಅಂತ ತಗೊಂಡ. ಗಂಡಸರ ಕೈಗೆ ಅಷ್ಟು ಬಲ ಇದ್ದಿದ್ರೆ ಆ ದಿನ ಕಂಡಿ ಮುಚ್ಚೋದಕ್ಕೆ ಒಂದು ಕೈ ಇರ್ತಿತ್ತು. ಕಂಡಿ ತೆರೆದಿದ್ದು ನಾನು. ಅದು ನಂಗೆ ಗೊತ್ತು, ದಿನಾ ಗೊತ್ತು. ಅದರಲ್ಲಿ ಪಾಲು ಕೇಳ್ಕೊಂಡು ಯಾರೂ ಬರ್ಬೇಡಿ."

ಒಲೆಯೊಳಗೆ ಕಟ್ಟಿಗೆ ಕುಸಿದ ಸದ್ದು.

"ಅಲ್ಮೀಡಾ ಬರೋ ಮುಂಚೆ ಅವಳನ್ನ ಮಡಿಲಲ್ಲಿ ಹಾಕ್ಕೊಂಡು ಕೂತಿದ್ದೆನಲ್ಲ," ಸಲೋಮಿ ಈಗ ನನ್ನ ಕಡೆ ತಿರುಗಿದಳು, "ಆವಾಗ ನನ್ನ ಪಕ್ಕ ಯಾರೋ ಕೂತಿದ್ರು. ಭುಜಕ್ಕೆ ಭುಜ ತಾಗೋ ಹಾಗೆ. ತಿರುಗಿ ನೋಡ್ಲಿಲ್ಲ. ನೋಡಿದ್ರೆ ಇರಲ್ಲ ಅಂತ ಅನ್ನಿಸ್ತು, ಅದಕ್ಕೆ ನೋಡ್ಲಿಲ್ಲ. ಈ ಹನ್ನೊಂದು ವರ್ಷ ನಾನು ಎದ್ದು ಒಲೆ ಹಚ್ಚಿದ್ದು ಅದೊಂದರ ಮೇಲೆ. ನೀವಿಬ್ರೂ ಆ ಪುಸ್ತಕ ಹಿಡ್ಕೊಂಡು ಕೂತಿದ್ರಿ."

ಆ ದಿನ ಅವಳ ದೊಡ್ಡ ಮಗಳು ಹೊಲ ದಾಟಿ ಓಡಿ ಬಂದು ನನ್ನನ್ನು ಕರೆದಿದ್ದಳು. ನಾನು ಕೊಟ್ಟಿಗೆಗೆ ಹೋಗಿ ಸಲೋಮಿಯ ಪಕ್ಕ ಕುಸಿದು ಕೂತಾಗ ಹುಲ್ಲು ಅಲ್ಲಿ ಅದುಮಿದ ಹಾಗಿತ್ತು, ಬೆಚ್ಚಗಿತ್ತು. ಯಾವುದೋ ಹಸು ಮಲಗಿ ಎದ್ದಿರಬೇಕು ಎಂದುಕೊಂಡಿದ್ದೆ. ಹಸುಗಳೆಲ್ಲ ಬೆಳಿಗ್ಗೆಯಿಂದ ಹೊರಗೆ ಮೇಯುತ್ತಿದ್ದವು. ಹುಲ್ಲು ಅಟ್ಟದಿಂದ ಆಗಷ್ಟೇ ಬಿದ್ದ ಹೊಸ ಹುಲ್ಲು. ಈ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ, ನನಗೇ ಹೇಳಿಕೊಂಡಿರಲಿಲ್ಲ. ಅಡುಗೆಮನೆಯಲ್ಲೂ ಹೇಳಲಾಗಲಿಲ್ಲ.

ಹೊರಡುವಾಗ ಗಂಡಸರಿಬ್ಬರೂ ಕುದುರೆಯ ಹತ್ತಿರ ನಿಂತಿದ್ದರು. ಟೋಬಿಯಸ್ ಮೆನ್ನೊವಿನ ಕತ್ತಿನ ಬಟ್ಟೆ ಸರಿಮಾಡುತ್ತಿದ್ದ, ಮಗುವಿಗೆ ಮಾಡುವ ಹಾಗೆ. ನಾನು ಬಾಗಿಲಲ್ಲಿ ಸಲೋಮಿಗೆ ಹೇಳಿದೆ:

"ಆವತ್ತು ಬೆಳಿಗ್ಗೆ ನಮ್ಮನೆಗೆ ಬೇಡ, ಬೇರೆಯವರ ಮನೆಗೆ ಹೋಗ್ಲಿ ಅಂತ ಬೇಡ್ಕೊಂಡಿದ್ದೆ ಸಲೋಮಿ."

"ನಾನೂ ಅದನ್ನೇ ಬೇಡ್ಕೊಂಡೆ. ಐದು ಜನ ಹೆಂಗಸ್ರೂ ಅದನ್ನೇ ಬೇಡ್ಕೊಂಡಿರ್ತಾರೆ. ದೇವರು ಯಾರ ಮಾತು ಕೇಳ್ಬೇಕಿತ್ತು, ಹೇಳು." ಕಾಗದದಲ್ಲಿ ಒಂದು ಹಿಡಿ ನೂಡಲ್ಸ್ ಸುತ್ತಿ ನನ್ನ ಕೈಗಿಟ್ಟಳು. "ಹೋಗು, ಪಾಕ ಸೀಯುತ್ತೆ."

ಭಾನುವಾರ ಅಂಗಳದ ಹಿಮ ಅರ್ಧ ಕರಗಿ ಕೆಸರಾಗಿತ್ತು. ಸಭೆಯ ಮನೆಯೊಳಗೆ ಕಾಲು ಕೊರೆಯುವ ಚಳಿ, ಒಲೆ ಇರುವುದು ಗಂಡಸರ ಕಡೆ. ನಾಲ್ವರು ಮುಂದಿನ ಬೆಂಚಿನಲ್ಲಿ ಕೂತರು. ಈ ಸಲ ಟೋಬಿಯಸನೇ ಎಲ್ಲರಿಗಿಂತ ದೊಡ್ಡವನು. ಕೊನೆಯಲ್ಲಿ ಇಪ್ಪತ್ತಾರರ ಆರ್ವಿನ್. ಅವನ ಹೆಂಡತಿ ಎಡ್ನಾ ನನ್ನ ಮುಂದಿನ ಬೆಂಚಿನಲ್ಲಿ, ಒಂದು ಮಗು ತೊಡೆಯ ಮೇಲೆ, ಇನ್ನೊಂದು ಇಂದೋ ನಾಳೆಯೋ. ಅವಳ ಅಮ್ಮ ಕೆಮ್ಮೆಂದು ಬಂದಿರಲಿಲ್ಲ. ಪಕ್ಕದ ಜಾಗ ಬೆಳಿಗ್ಗೆಯಿಂದ ಖಾಲಿ.

ಬಿಷಪ್ ಪೀಟರ್ ಒಳಗಿನ ಕೋಣೆಯಿಂದ ಪುಸ್ತಕಗಳನ್ನು ತಂದು ಮೇಜಿನ ಮೇಲೆ ನಿಲ್ಲಿಸಿದರು. ಎರಡನೆಯದರ ಬೆನ್ನನ್ನು ಕೆಳಗಡೆ ಇಲಿ ಕಡಿದಿತ್ತು.

ನೂರಕ್ಕೂ ಹೆಚ್ಚು ಪುಸ್ತಕಗಳಲ್ಲಿ ಅದೇ ಬಂದು ನಿಂತಿತ್ತು. ನಮ್ಮನ್ನು ಹುಡುಕಿಕೊಂಡು ಬಂದಿದೆ ಎಂದುಕೊಂಡೆ. ಎಂದೋ ಬರಬೇಕಾಗಿದ್ದದ್ದು, ದಾರಿ ತಪ್ಪಿ ತಡವಾಗಿ ಬಂದಿದೆ. ಹಣೆ ಒತ್ತಿಕೊಳ್ಳಲು ಹಸುವಿನ ಹೊಟ್ಟೆ ಇರಲಿಲ್ಲ. ಬೇಡ ಎನ್ನಲು ಬಾಯಿ ಬರಲಿಲ್ಲ, ಬರಲಿ ಎನ್ನುವಷ್ಟು ದೊಡ್ಡವಳೂ ನಾನಲ್ಲ. ದೇವರೇ, ನೀನು ಇದ್ದರೆ ಸಾಕು ಎಂದೆ. ಬೇರೆ ಮಾತು ಸಿಗಲಿಲ್ಲ.

ಟೋಬಿಯಸ್ ಎದ್ದ. ಮೇಜಿನ ಮುಂದೆ ನಿಂತು ಕಣ್ಣು ಮುಚ್ಚಿಕೊಂಡ. ಗಂಡಸರ ಕಡೆ ಯಾರೋ ಕಾಲು ಸರಿಸಿದರು. ಕುರುಡನ ಹಾಗೆ ಕೈ ಚಾಚಿದ; ಬೆರಳು ಮೊದಲು ತಾಗಿದ್ದನ್ನೇ ಹಿಡಿದುಕೊಂಡ. ಇಲಿ ಕಡಿದದ್ದು. ಅವನ ಹೆಬ್ಬೆರಳು ಆ ಕಚ್ಚಿನ ಮೇಲೆ ಸರಿಯಾಗಿ ಕೂತಿದ್ದು ನನಗೆ ಕೂತಲ್ಲಿಂದಲೇ ಕಂಡಿತು. ಅವನಿಗೂ ತಿಳಿಯಿತು. ಅವನು ಬಿಡಲಿಲ್ಲ.

ಎಲ್ಲರೂ ತೆಗೆದುಕೊಂಡ ಮೇಲೆ ಬಿಷಪ್ ಮೊದಲು ಅವನ ಹತ್ತಿರ ಬಂದರು. ದಾರ ಬಿಚ್ಚಿದರು. ಪುಟ ತಿರುಗಿಸಿದರು, ಇನ್ನೊಂದು ಪುಟ, ಕೊನೆಯ ರಟ್ಟಿನವರೆಗೆ.

ಏನೂ ಇರಲಿಲ್ಲ.

ಪುಸ್ತಕವನ್ನು ವಾಪಸು ಅವನ ಕೈಗೆ ಕೊಟ್ಟು ಮುಂದೆ ಹೋದರು. ಟೋಬಿಯಸ್ ಅದನ್ನು ತೊಡೆಯ ಮೇಲಿಟ್ಟುಕೊಂಡು, ಎರಡು ಅಂಗೈಯನ್ನೂ ಅದರ ಮೇಲೆ ಚಪ್ಪಟೆಯಾಗಿಟ್ಟು ಕೂತ. ಹನ್ನೊಂದು ವರ್ಷ ನಮ್ಮ ಮನೆಯ ಸುತ್ತ ತಿರುಗಿದ್ದು ಬರೀ ಹಾಡಿನ ಪುಸ್ತಕ. ನಮಗಾಗಿ ಅದರೊಳಗೆ ಯಾರೂ ಏನನ್ನೂ ಎತ್ತಿಟ್ಟಿರಲಿಲ್ಲ.

ಎರಡನೆಯದರಲ್ಲಿ ಇರಲಿಲ್ಲ. ಮೂರನೆಯದರಲ್ಲಿ ಇರಲಿಲ್ಲ. ಆರ್ವಿನನ ಪುಸ್ತಕದ ದಾರ ಬಿಚ್ಚುವ ಮೊದಲೇ ಎಡ್ನಾಳ ಟೋಪಿಯ ದಾರ ನಡುಗತೊಡಗಿತು.

ನಾನು ಎದ್ದೆ. ಬೆಂಚು ಕಿರುಗುಟ್ಟಿತು, ತಲೆಗಳು ತಿರುಗಿದವು. ಗೋಡೆಯ ಪಕ್ಕದಿಂದ ಸುತ್ತಿಕೊಂಡು ಹೋಗಿ ಅವಳ ಪಕ್ಕದ ಖಾಲಿ ಜಾಗದಲ್ಲಿ ಕೂತೆ, ಭುಜಕ್ಕೆ ಭುಜ ತಾಗುವ ಹಾಗೆ. ಅವಳು ತಿರುಗಿ ನೋಡಲಿಲ್ಲ. ನನ್ನ ಕೈಯನ್ನು ಹುಡುಕಿ ಹಿಡಿದುಕೊಂಡಳು.

ನಾನು ಕೂತ ಕಡೆ ಹಲಗೆ ಬೆಚ್ಚಗಿತ್ತು.